ಚೀಕಲಪರ್ವಿಯ ಸೀರೆ

ನಾನು ಚಿಕ್ಕವನಿದ್ದಾಗ, ಅಂದರೆ ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವನು ಈಗ ಇರುವಷ್ಟೇ ಎತ್ತರ ಇದ್ದಾಗ, ನಮ್ಮ ಮನೆಗೆ ಎರಡು ಬಾಗಿಲುಗಳಿದ್ದವು. ಒಂದು ಬೀದಿಯ ಕಡೆಗೆ, ಇನ್ನೊಂದು ಹಿತ್ತಲಿನ ಕಡೆಗೆ. ಮಕ್ಕಳೇ, ಈ ಎರಡು ಬಾಗಿಲುಗಳನ್ನು ಮರೆಯಬೇಡಿ. ನಾನು ಹೇಳಿ ಮುಗಿಸುವ ಹೊತ್ತಿಗೆ ಎರಡೂ ಬೇಕಾಗುತ್ತವೆ.

ಮನೆ ಇದ್ದದ್ದು ದೇವದುರ್ಗ ತಾಲೂಕಿನ ಗಬ್ಬೂರಿನಲ್ಲಿ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಹಿತ್ತಲಲ್ಲಿ ಒಂದು ಬೇವಿನ ಮರ. ಬೇಸಿಗೆಯಲ್ಲಿ ಅಂಗಳದ ಕಲ್ಲು ಕಾದು ಕಾಲು ಇಡಲಾಗದಿದ್ದರೂ ಒಳಗೆ ತಂಪಾಗಿರುತ್ತಿತ್ತು. ಆ ಮನೆಯ ಯಜಮಾನರು ಯಾರು ಎಂದು ಊರಲ್ಲಿ ಕೇಳಿದರೆ ಎಲ್ಲರೂ ಅಪ್ಪನ ಹೆಸರು ಹೇಳುತ್ತಿದ್ದರು. ಅಪ್ಪನನ್ನು ಕೇಳಿದರೆ ಅವನು ಸುಮ್ಮನೆ ಒಳಗೆ ಕೈ ತೋರಿಸುತ್ತಿದ್ದ. ಒಳಗೆ ಇದ್ದವಳು ನಮ್ಮ ಅಜ್ಜಿ, ಅಪ್ಪನ ತಾಯಿ.

ಅಜ್ಜಿಗೆ ಆಗ ಅರವತ್ತರ ಆಸುಪಾಸು. ಅವಳು ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ. ಬೆಳಗಾದರೆ ಬೀಸುವ ಕಲ್ಲಿನ ಮುಂದೆ ಕೂತು ಜೋಳ ಬೀಸುತ್ತ ಹಾಡು ಕಟ್ಟುತ್ತಿದ್ದಳು. ಹಳೆಯ ಧಾಟಿಗೆ ಹೊಸ ಮಾತು ಕೂಡಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಹಿಂದಿನ ದಿನ ನಾನು ಬೆಲ್ಲ ಕದ್ದಿದ್ದರೆ ಮರುದಿನ ಅದು ಹಾಡಿನಲ್ಲಿ ಬರುತ್ತಿತ್ತು. ನಾನು ಎದ್ದು ಮುಖ ತೊಳೆಯುವಷ್ಟರಲ್ಲಿ ನನ್ನ ಕಳ್ಳತನ ಓಣಿಗೆಲ್ಲ ಗೊತ್ತಾಗಿರುತ್ತಿತ್ತು. ಹಬ್ಬ ಬಂತೆಂದರೆ ಗೋಡೆಗೆ ಕೆಮ್ಮಣ್ಣು ಬಳಿದು, ಸುಣ್ಣದಲ್ಲಿ ಬೆರಳು ಅದ್ದಿ ಚಿತ್ರ ಬರೆಯುತ್ತಿದ್ದಳು. ಬೇರೆಯವರ ಗೋಡೆಯ ಮೇಲೆ ಎತ್ತು, ಕಳಸ, ಬಳ್ಳಿ. ನಮ್ಮ ಗೋಡೆಯ ಮೇಲೆ ರಾಯಚೂರಿನ ಬಸ್ಸು. ಒಂದೊಂದು ಕಿಟಕಿಗೂ ಒಂದೊಂದು ಮುಖ, ಅದರಲ್ಲಿ ಒಂದು ಮುಖ ಕಿಟಕಿಯಿಂದ ಹೊರಗೆ ಬಾಗಿ ವಾಂತಿ ಮಾಡುತ್ತಿತ್ತು. ಅದು ನಾನು.

ಆದರೆ ಅಜ್ಜಿಯ ದೊಡ್ಡ ವಿದ್ಯೆ ಕೌದಿ. ನೀವು ಕೌದಿ ಹೊದ್ದು ಬೆಳೆದವರಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಉಟ್ಟು ಹಳತಾದ ಸೀರೆ, ಧೋತರ, ಅಂಗಿಗಳನ್ನು ತುಂಡು ಮಾಡಿ, ಒಂದರ ಮೇಲೊಂದು ಪದರ ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲು ಸಾಲಾಗಿ ಕೈಯಿಂದಲೇ ಹೊಲಿದರೆ ಕೌದಿ. ಹಾಸಲೂ ಅದೇ, ಹೊದೆಯಲೂ ಅದೇ. ಗಬ್ಬೂರಿನ ಹೆಂಗಸರೆಲ್ಲ ಕೌದಿ ಹೊಲಿಯುತ್ತಿದ್ದರು. ಅಜ್ಜಿ ಮಾತ್ರ ಹೊಲಿಯುವ ಮೊದಲು ನೋಡುತ್ತಿದ್ದಳು. ತುಂಡುಗಳನ್ನು ಪಡಸಾಲೆಯ ತುಂಬ ಹರಡಿ, ಕಟ್ಟೆ ಹತ್ತಿ ನಿಂತು, ಒಂದು ಕಣ್ಣು ಮುಚ್ಚಿ ನೋಡುವಳು. ಇಳಿದು ಬಂದು ಒಂದು ಹಳದಿ ತುಂಡನ್ನು ಅತ್ತ ಸರಿಸುವಳು. ಮತ್ತೆ ಕಟ್ಟೆ ಹತ್ತುವಳು. ಒಂದಕ್ಕೊಂದು ಒಗ್ಗದ ಬಣ್ಣಗಳು ಅಕ್ಕಪಕ್ಕ ಬಂದರೆ "ಇವು ಜಗಳಾಡಾಕತ್ತಾವ" ಎಂದು ನಡುವೆ ಬಿಳಿ ತುಂಡೊಂದನ್ನು ಕೂರಿಸುವಳು. ನಾನೂ ಅಕ್ಕನೂ ಜಗಳವಾಡಿದಾಗ ಅಜ್ಜಿ ನಮ್ಮಿಬ್ಬರ ನಡುವೆ ಬಂದು ಕೂತು, "ಈಗ ನಾ ಬಿಳಿ ತುಂಡು" ಎನ್ನುತ್ತಿದ್ದಳು. ಇಬ್ಬರಿಗೂ ನಗು ಬಂದುಬಿಡುತ್ತಿತ್ತು.

ಆ ವರ್ಷ ಅಕ್ಕ ಟೀಚರ್ ಟ್ರೇನಿಂಗಿಗೆಂದು ರಾಯಚೂರಿಗೆ ಹೊರಟಿದ್ದಳು. ನಮ್ಮ ಮನೆಯ ಹೆಣ್ಣುಮಗಳೊಬ್ಬಳು ಓದಲಿಕ್ಕೆ ಊರು ಬಿಟ್ಟದ್ದು ಅದೇ ಮೊದಲು. ಅಪ್ಪನಿಗೆ ಅಷ್ಟು ಮನಸ್ಸಿರಲಿಲ್ಲ. ಅಜ್ಜಿ ಒಂದೇ ಮಾತಿನಲ್ಲಿ ಅದನ್ನು ಮುಗಿಸಿದ್ದಳು: "ನಾ ಕಟ್ಟಿದ ಹಾಡು ಬರಕೊಳ್ಳಾಕ ಮನ್ಯಾಗ ಒಬ್ಬರರ ಬೇಕಲ್ಲ." ಹಾಸ್ಟೆಲಿಗೆ ಒಯ್ಯಲು ಒಂದು ಟ್ರಂಕು, ಒಂದು ಚೊಂಬು, ಒಂದು ಕೌದಿ ಎಂದು ಗೊತ್ತಾಯಿತು. ಟ್ರಂಕು, ಚೊಂಬು ಸಂತೆಯಿಂದ ಬಂದವು. ಕೌದಿ ಅಜ್ಜಿಯ ಪಾಲಿಗೆ ಬಂತು.

ಮನೆ ಬಿಟ್ಟು ಹೋಗುವವರ ಕೌದಿಗೆ ಅಜ್ಜಿಯದೊಂದು ಕಟ್ಟಳೆ ಇತ್ತು. ಮನೆಯವರೆಲ್ಲರ ಬಟ್ಟೆಯ ಒಂದೊಂದು ತುಂಡು ಅದರಲ್ಲಿ ಇರಲೇಬೇಕು, ಅದೂ ತೊಟ್ಟು ತೊಟ್ಟು ಮೆತ್ತಗಾದ ಬಟ್ಟೆ. ಹೊಸ ಬಟ್ಟೆಗೆ ಯಾರ ಗುರುತೂ ಇರುವುದಿಲ್ಲ ಎಂದು ಅವಳ ಲೆಕ್ಕ. ಅಪ್ಪನ ಧೋತರ, ಅವ್ವನ ಹಸಿರು ಸೀರೆ, ಅಕ್ಕನ ಚಿಕ್ಕಂದಿನ ಲಂಗ, ಅಜ್ಜಿಯ ಕುಪ್ಪಸ, ಎಲ್ಲ ಬಂದು ಪಡಸಾಲೆಯಲ್ಲಿ ಕೂತವು. ನನ್ನ ಪಾಲಿನಿಂದ ಬಂದದ್ದು ಖಾಕಿ ಚಡ್ಡಿಯ ಹಿಂಭಾಗ. ಅದೊಂದೇ ಹರಿಯದೆ ಉಳಿದಿತ್ತು.

ನಾಳೆ ಬೆಳಿಗ್ಗೆ ಬಸ್ಸು. ಇವತ್ತು ಕೌದಿ ಮುಗಿಯಲೇಬೇಕು. ಹೊರಗೆ ಕರಿ ಮೋಡ ಕಟ್ಟಿ, ಮಳೆ ಬಾರದೆ, ಬರೀ ಸೆಕೆ. ಅಜ್ಜಿ, ಅವ್ವ ಮೂಲೆಗೊಬ್ಬರು ಕೂತು ಹೊಲಿಯುತ್ತ ನಡುವಿಗೆ ಸರಿಯುತ್ತಿದ್ದರು. ನಡುವಿನಲ್ಲಿ ಅಂಗೈಯಗಲ ಜಾಗ ಇನ್ನೂ ಖಾಲಿ ಇತ್ತು. ಅಜ್ಜಿ ನನ್ನ ಖಾಕಿ ತುಂಡನ್ನು ಅಲ್ಲಿಟ್ಟು ನೋಡಿದಳು. ಅಕ್ಕ ಅದನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು ಅಜ್ಜಿಗೆ, "ಯವ್ವಾ, ಇದನ್ನ ನಡಬರಕ ಇಡಬ್ಯಾಡ. ಮಲಗಿದ್ರ ಚುಚ್ಚತದ, ಹಾಸ್ಟೆಲ್ ಹುಡಿಗ್ಯಾರು ನಗತಾರ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕಂತೆ ಮಾಡಿದೆ. ಖಾಕಿ ತುಂಡು ಕಾಲ ಕಡೆಯ ಮೂಲೆಗೆ ಹೋಯಿತು.

ನನಗೆ ಅಳು ಬಂದದ್ದು ಆ ತುಂಡಿಗಲ್ಲ. ಅಕ್ಕ ಹೋಗುತ್ತಾಳೆ ಎಂಬುದೇ ನನಗೆ ಸೇರಿರಲಿಲ್ಲ. ನನಗೆ ಸ್ನಾನ ಮಾಡಿಸಿದವಳು, ಪಾಟಿಯ ಮೇಲೆ ಅಕ್ಷರ ತಿದ್ದಿಸಿದವಳು ಅವಳು. ರಾಯಚೂರಿನಲ್ಲಿ ಅವಳಿಗೆ ಅವ್ವನ ಹಸಿರು ಕಾಣುತ್ತದೆ, ಅಪ್ಪನ ಬಿಳಿ ಕಾಣುತ್ತದೆ, ನಾನು ಮಾತ್ರ ಅವಳ ಕಾಲಿನ ಕೆಳಗೆ. ಅವಳು ನನ್ನನ್ನು ಮರೆತೇ ಬಿಡುತ್ತಾಳೆ ಎಂದು ನನಗೆ ಗಟ್ಟಿಯಾಗಿ ಅನಿಸಿತು. ನಡುವಿನ ಆ ಜಾಗಕ್ಕೆ ಎಲ್ಲಕ್ಕಿಂತ ಚೆಂದದ ತುಂಡು ನಾನೇ ಕೊಡಬೇಕು ಎಂದುಕೊಂಡೆ.

ಮಧ್ಯಾಹ್ನ ಅವರೆಲ್ಲ ಅಡುಗೆಮನೆಯಲ್ಲಿ ರೊಟ್ಟಿ ಉಣ್ಣುತ್ತಿದ್ದಾಗ ನಾನು ಅಜ್ಜಿಯ ಕೋಣೆಗೆ ಹೋಗಿ ಅವಳ ಟ್ರಂಕು ತೆರೆದೆ. ಮೇಲೆ ಒಣಗಿದ ಬೇವಿನ ಎಲೆ, ಅದರ ಕೆಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದೆ. ಒಳಗೆ ಇಳಕಲ್ ಸೀರೆ. ನೇರಳೆ ಹಣ್ಣಿನ ಬಣ್ಣ, ಕೆಂಪು ರೇಷ್ಮೆಯ ಸೆರಗು. ಮಡಿಕೆ ಮುರಿಯದ ಸೀರೆಯ ವಾಸನೆ ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಅಜ್ಜಿ ಇದನ್ನು ಉಟ್ಟದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಉಡದ ಸೀರೆ ಯಾರಿಗೂ ಬೇಡದ್ದು ಎಂದುಕೊಂಡೆ. ಕತ್ತರಿ ತಂದು, ನೇರಳೆಯೂ ಕೆಂಪೂ ಕೂಡುವ ಸೆರಗಿನ ಅಂಚಿನಲ್ಲೇ ಅಂಗೈಯಗಲ ತುಂಡು ಕತ್ತರಿಸಿದೆ. ಉಳಿದದ್ದನ್ನು ಗಂಟು ಕಟ್ಟಿ ಒಳಗಿಟ್ಟು, ತುಂಡನ್ನು ಕೌದಿಯ ನಡುವೆ ಹಾಸಿ, ಏನೂ ಅರಿಯದವನ ಹಾಗೆ ಕಟ್ಟೆಯ ಮೇಲೆ ಕೂತೆ.

ಅಜ್ಜಿ ಕೈ ಒರೆಸಿಕೊಳ್ಳುತ್ತ ಬಂದಳು. ಸೂಜಿಗೆ ದಾರ ಪೋಣಿಸಿದಳು. ನಡುವಿಗೆ ಕೈ ಇಟ್ಟವಳು ಅಲ್ಲೇ ನಿಂತುಬಿಟ್ಟಳು. ಮೊದಲು ಗುರುತಿಸಿದ್ದು ಅವಳ ಕಣ್ಣಲ್ಲ, ಬೆರಳು. ಹಿಂದೆ ಬಂದ ಅವ್ವ ಅದನ್ನು ನೋಡಿ ಬಾಯಿಗೆ ಸೆರಗು ಹಚ್ಚಿಕೊಂಡು, "ಅತ್ತಿ, ಇದು ಚೀಕಲಪರ್ವಿ ಸೀರಿ ಅಲ್ಲೇನ್ರಿ?" ಎಂದಳು. ಅಜ್ಜಿ ತುಟಿ ಪಿಟಕ್ಕೆನ್ನಲಿಲ್ಲ.

ಆ ಸೀರೆ ಏನೆಂದು ಅವ್ವ ನನ್ನನ್ನು ರೆಟ್ಟೆ ಹಿಡಿದು ಅಲುಗಾಡಿಸುತ್ತ ಹೇಳಿದಳು. ಅಜ್ಜಿಯ ತವರು ಮಾನ್ವಿ ತಾಲೂಕಿನ ಚೀಕಲಪರ್ವಿ, ತುಂಗಭದ್ರೆಯ ದಂಡೆಯ ಊರು. ಅಲ್ಲಿ ಅವಳಿಗೆ ಉಳಿದಿದ್ದವನು ಒಬ್ಬನೇ ಅಣ್ಣ. ಅವನಿಗೆ ಮಕ್ಕಳಿರಲಿಲ್ಲ. ನಮ್ಮ ಕಡೆ ಒಂದು ಪದ್ಧತಿ ಇದೆ: ಹೆಣ್ಣುಮಗಳು ಎಷ್ಟೇ ಮುದುಕಿಯಾಗಿ ತೀರಿಕೊಂಡರೂ ಅವಳ ಮೈಮೇಲೆ ಹೊದಿಸುವ ಕೊನೆಯ ಸೀರೆ ತವರಿನಿಂದ ಬರಬೇಕು. ಅದು ಕತ್ತರಿ, ಸೂಜಿ ತಾಗದ ಇಡೀ ಸೀರೆಯಾಗಿರಬೇಕು. ಅಣ್ಣ ತಾನೇ ಮೊದಲು ಹೋದರೆ ತಂಗಿಗೆ ಸೀರೆ ತರುವವರು ಯಾರೂ ಇರುವುದಿಲ್ಲ ಎಂದು ಯೋಚಿಸಿ, ಬದುಕಿರುವಾಗಲೇ ಆ ಸೀರೆಯನ್ನು ತಂದು ಅಜ್ಜಿಯ ಕೈಯಲ್ಲಿ ಕೊಟ್ಟು ಹೋಗಿದ್ದ. ಎರಡು ವರ್ಷದ ಕೆಳಗೆ ಅವನೂ ತೀರಿಕೊಂಡ. ಮನೆ ಬೇರೆಯವರ ಪಾಲಾಯಿತು. ಚೀಕಲಪರ್ವಿಯಿಂದ ಅಜ್ಜಿಗೆ ಉಳಿದದ್ದು ಆ ಸೀರೆ ಒಂದೇ.

ಅಷ್ಟರಲ್ಲಿ ಹೊಲದಿಂದ ಅಪ್ಪ ಬಂದ. ವಿಷಯ ತಿಳಿದದ್ದೇ ಅವನ ಮುಖ ಕಪ್ಪಾಯಿತು. "ಎಂಥಾ ಕೆಲಸ ಮಾಡಿದೆಲೇ" ಎಂದು ಕೈ ಎತ್ತಿದ. ನಾನು ಹಿತ್ತಲ ಬಾಗಿಲಿನಿಂದ ಓಡಿದೆ.

ಹಿತ್ತಲಲ್ಲಿ ಜೋಳ ತುಂಬುವ ದೊಡ್ಡ ಗುಮ್ಮಿ ಅಡ್ಡ ಮಲಗಿತ್ತು. ಗುಮ್ಮಿ ಎಂದರೆ ಬಿದಿರಿನಿಂದ ಹೆಣೆದು ಸಗಣಿ ಸಾರಿಸಿದ, ನನಗಿಂತ ಎತ್ತರದ ಬುಟ್ಟಿ. ಹಳೆಯ ಜೋಳ ಖಾಲಿಯಾಗಿತ್ತು, ಒಣಗಲೆಂದು ಇಟ್ಟಿದ್ದರು. ನಾನು ಅದರೊಳಗೆ ತೆವಳಿ ತಳಕ್ಕೆ ಹೋಗಿ ಮಂಡಿಯೊಳಗೆ ಮುಖ ಹುದುಗಿಸಿ ಕೂತೆ. ಒಳಗೆಲ್ಲ ಜೋಳದ ಧೂಳು, ಹಳೆ ಬೇವಿನೆಲೆ, ಸಗಣಿಯ ವಾಸನೆ. ಅಪ್ಪನ ಕೈಗಿಂತ ಅಜ್ಜಿಯ ಮೌನಕ್ಕೇ ನಾನು ಹೆಚ್ಚು ಹೆದರಿದ್ದೆ. ನನ್ನಿಂದಾಗಿ ಅಜ್ಜಿ ಕೊನೆಗೆ ಬರಿಗೈಯವಳಾಗುತ್ತಾಳೆ, ಯಾರೂ ಇಲ್ಲದವಳ ಹಾಗೆ ಹೋಗುತ್ತಾಳೆ ಎಂದು ನೆನೆದು ನೆನೆದು ಅತ್ತೆ.

ಎಷ್ಟೋ ಹೊತ್ತಿನ ಮೇಲೆ ಬಳೆಯ ಸಪ್ಪಳ ಕೇಳಿತು. ಅಜ್ಜಿ ಬಂದು ಗುಮ್ಮಿಯ ಬಾಯಿಯ ಮುಂದೆ ಕೂತಳು.

"ಒಳಗ ಏನದ? ಜ್ವಾಳ ಏನು?" ಎಂದಳು.

ನಾನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡೆ.

"ಜ್ವಾಳ ಆದ್ರ ಸುಮ್ನಿರತದ. ಇದು ಅಳಾಕತ್ತದ."

"ಯವ್ವಾ, ನಿನ್ನ ಸೀರಿ ಕೆಡಿಸೀನಿ" ಎಂದೆ. ಗುಮ್ಮಿಯೊಳಗೆ ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು.

"ಹೌದು, ಕೆಡಿಸಿದಿ. ಹೊಟ್ಟಿ ಉರದದ, ಸುಳ್ಳು ಯಾಕ ಹೇಳ್ಲಿ" ಎಂದಳು ಅಜ್ಜಿ. ಗುಮ್ಮಿಯ ಬಾಯಿಗೆ ಬಾಗಿ, "ಎಲ್ಲಾ ಬಿಟ್ಟು ಅದನ್ನ ಯಾಕ ಕತ್ತರಿಸಿದಿ?" ಎಂದು ಕೇಳಿದಳು.

ಹೇಳಿದೆ. ಖಾಕಿ ತುಂಡಿನ ಮಾತು, ಅಕ್ಕ ಮರೆತುಬಿಡುವ ಮಾತು, ಎಲ್ಲವನ್ನೂ ಬಿಕ್ಕುತ್ತ ಬಿಕ್ಕುತ್ತ ಹೇಳಿದೆ. ಕೊನೆಗೆ, ದೊಡ್ಡವನಾದ ಮೇಲೆ ಅಂಥದೇ ಹೊಸ ಸೀರೆ ತಂದುಕೊಡುತ್ತೇನೆ ಎಂದೆ.

"ಅಂಗಡ್ಯಾಗ ಕೊಂಡಿದ್ದು ನಡಿಯಂಗಿಲ್ಲ ಯಪ್ಪಾ. ತವರ ಮನಿಯಿಂದ ಬರಬೇಕು. ಅಲ್ಲಿ ಈಗ ಯಾರದಾರ?"

"ನಾ ಅದೀನಲ್ಲ. ನಾನೇ ನಿನ್ನ ತವರ ಮನಿ ಆಗ್ತೀನಿ."

ತಲೆ ಎತ್ತಿ ನೋಡಿದರೆ, ಗುಮ್ಮಿಯ ದುಂಡನೆಯ ಬಾಯಿಯ ಬೆಳಕಿನಲ್ಲಿ ಅಜ್ಜಿ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಆಮೇಲೆ ನಕ್ಕಳು. "ತವರ ಮನಿ ಆಗೂದಂದ್ರ ಸಸಾರ ಅಂದ್ಕೊಂಡಿ ಏನು? ವರ್ಷಾ ಪಂಚಮಿಗಿ ಕರಿಯಾಕ ಬರಬೇಕು. ಒಂದು ವರ್ಷ ಬಂದು ಒಂದು ವರ್ಷ ಬಿಟ್ರ ನಡಿಯಂಗಿಲ್ಲ."

"ಬರ್ತೀನಿ."

"ಸೀರಿ ನೀನಽ ತರಬೇಕು. ನೀ ತರೂತನಕ ನಾನೂ ಹೋಗಂಗಿಲ್ಲ. ಆತಿಲ್ಲ?"

ಆಯಿತು ಎಂದೆ. ಅಜ್ಜಿ ಒಳಗೆ ಕೈ ಚಾಚಿದಳು. ನಾನು ಹಿಡಿದುಕೊಂಡೆ. ಸೂಜಿ ಚುಚ್ಚಿ ಚುಚ್ಚಿ ಅವಳ ಬೆರಳ ತುದಿ ಒರಟಾಗಿತ್ತು. ಆ ಒರಟು ಈಗಲೂ ನನ್ನ ಅಂಗೈಗೆ ನೆನಪಿದೆ.

ನನ್ನನ್ನು ಪಡಸಾಲೆಗೆ ಕರೆತಂದು, ಎಲ್ಲರೂ ನೋಡುತ್ತಿದ್ದಂತೆ ಅಜ್ಜಿ ಆ ನೇರಳೆ ತುಂಡನ್ನು ಕೌದಿಯ ನಡುವೆಯೇ ಇಟ್ಟು ಹೊಲಿದಳು. "ಟ್ರಂಕಿನ್ಯಾಗ ಬರೇ ಬೇವಿನೆಲಿ ತಿನಕೋಂತ ಕುಂತಿತ್ತು. ಇನ್ನರ ನಾಕು ಊರು ನೋಡ್ಲಿ" ಎಂದಳು. ಆ ತುಂಡಿನ ಕೊನೆಯ ಅಂಚು ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ, ಒಂದು ಹರಳು ಬೆಲ್ಲ ಇಡಬೇಕು. ಕೌದಿ ಹಸಿದಿರಬಾರದು ಎಂದು ನಮ್ಮ ಮನೆಯ ನಂಬಿಕೆ. ಅದನ್ನು ಇಡುವ ಕೆಲಸವನ್ನು ಅಜ್ಜಿ ನನಗೇ ಕೊಟ್ಟಳು. ಅಪ್ಪ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದ. ಅವನ ಕೈ ಇನ್ನೂ ತುರಿಸುತ್ತಿತ್ತೋ ಏನೋ, ಹೆಗಲ ಮೇಲಿನ ಟವೆಲ್ಲನ್ನು ಮಡಚುತ್ತ ಬಿಚ್ಚುತ್ತ ನಿಂತಿದ್ದ. ಮರುದಿನ ಬೆಳಿಗ್ಗೆ ಅಕ್ಕ ಕೌದಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ರಾಯಚೂರಿನ ಬಸ್ಸು ಹತ್ತಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಕಿಟಕಿಯಿಂದ ಕೈ ಬೀಸುತ್ತಲೇ ಇದ್ದಳು.

ಮುಂದಿನ ತಿಂಗಳು ನಾಗರ ಪಂಚಮಿ ಬಂತು. ಓಣಿಯ ಮನೆಮನೆಗೆ ಅಣ್ಣತಮ್ಮಂದಿರು ಬಂದು ತಮ್ಮ ಅಕ್ಕತಂಗಿಯರನ್ನು ತವರಿಗೆ ಕರೆದುಕೊಂಡು ಹೋಗತೊಡಗಿದರು. ನಾನು ತಲೆಗೆ ಅಪ್ಪನ ರುಮಾಲು ಸುತ್ತಿ, ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡಿಯ ಗಂಟು ಹಿಡಿದು, ಹಿತ್ತಲ ಬಾಗಿಲಿನಿಂದ ಹೊರಬಿದ್ದೆ. ಓಣಿ ಸುತ್ತಿ ಬಂದು ಬೀದಿ ಬಾಗಿಲು ಬಡಿದೆ. ಒಳಗಿನಿಂದ ಅಜ್ಜಿ, "ಯಾರ್ರಿ ಅವರು?" ಎಂದಳು.

"ಚೀಕಲಪರ್ವಿಯಿಂದ ಬಂದೀನ್ರಿ, ಕರಿಯಾಕ."

"ಬರ್ರಿ, ಒಳಗ ಬರ್ರಿ. ಕಾಲಿಗಿ ನೀರು ತಗೋರಿ" ಎಂದು ಅಜ್ಜಿ ನನಗೆ ಬಹುವಚನದಲ್ಲಿ ಉಪಚಾರ ಮಾಡಿದಳು. ತಲೆ ಬಾಚಿ, ಹೂ ಮುಡಿದು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ನನ್ನ ಹಿಂದೆ ನಡೆದು ಬೀದಿ ಬಾಗಿಲಿನಿಂದ ಹೊರಟಳು. ಓಣಿ ಸುತ್ತಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದೆವು. ಅಲ್ಲಿಗೆ ಅವಳು ತವರಿಗೆ ಬಂದಂತಾಯಿತು. ಆ ದಿನ ಅವಳು ಒಂದು ಕಡ್ಡಿ ಎತ್ತಿ ಇಡಲಿಲ್ಲ. ಬೇವಿನ ಮರದ ಜೋಕಾಲಿಯಲ್ಲಿ ಕೂತು, ಉಂಡಿ ತಿನ್ನುತ್ತ, ಚೀಕಲಪರ್ವಿಯ ಹೊಳೆಯ ಮೇಲೆ ಹಾಡು ಕಟ್ಟಿದಳು. ನಾನು ಕಾಲು ಸೋಲುವವರೆಗೆ ತೂಗಿದೆ.

ಒಂದು ವರ್ಷವೂ ನಾನು ಬಿಡಲಿಲ್ಲ. ನನಗೆ ಮೀಸೆ ಬಂತು, ರಾಯಚೂರಿನಲ್ಲಿ ನೌಕರಿ ಬಂತು, ಮದುವೆಯಾಯಿತು. ಪಂಚಮಿಗೆ ಮಾತ್ರ ರಜೆ ಹಾಕಿ ಗಬ್ಬೂರಿಗೆ ಹೋಗಿ, ಹಿತ್ತಲಿಂದ ಹೊರಟು ಬೀದಿ ಬಾಗಿಲು ಬಡಿಯುತ್ತಿದ್ದೆ. ಓಣಿಯವರು ನಗುತ್ತಿದ್ದರು. ಅಜ್ಜಿ ನಗದೆ, "ಹ್ಯಾಂಗದ ನಮ್ಮೂರು? ಹೊಳಿ ಬಂದದೇನು?" ಎಂದು ಕೇಳುತ್ತಿದ್ದಳು. ಅದಕ್ಕಾಗಿ ನಾನು ಮಾನ್ವಿ ಕಡೆಯವರು ಸಿಕ್ಕಾಗೆಲ್ಲ ತುಂಗಭದ್ರೆಯ ಸುದ್ದಿ ಕೇಳಿ ಇಟ್ಟುಕೊಳ್ಳುತ್ತಿದ್ದೆ.

ಕತ್ತರಿಸಿದ ಸೀರೆ ಟ್ರಂಕಿಗೆ ಮರಳಲಿಲ್ಲ. ಮನೆಯಲ್ಲಿ ಮಗು ಹುಟ್ಟಿದರೆ ತೊಟ್ಟಿಲಿನ ಕೌದಿಗೆ ಒಂದು ತುಂಡು, ಯಾರಾದರೂ ಊರು ಬಿಟ್ಟರೆ ಅವರ ಕೌದಿಗೆ ಒಂದು ತುಂಡು. ನಿಮ್ಮ ಅಪ್ಪಂದಿರು ಮಲಗಿದ ಕೌದಿಯ ನಡುವೆಯೂ ಅದೇ ನೇರಳೆ ಇತ್ತು. ಎಂಬತ್ತು ದಾಟಿದ ಮೇಲೂ ಅಜ್ಜಿ ಕೌದಿಯ ಗಂಟು ಕಂಕುಳಲ್ಲಿಟ್ಟುಕೊಂಡು ಒಬ್ಬಳೇ ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಿದ್ದಳು. ಅಕ್ಕ ಟೀಚರಾಗಿ, ಅಜ್ಜಿಯ ಹಾಡುಗಳನ್ನು ಮೂರು ನೋಟ್ಬುಕ್ಕಿನ ತುಂಬ ಬರೆದುಕೊಂಡಳು. ಬರೆದದ್ದನ್ನು ಓದಿ ತೋರಿಸಿದರೆ ಅಜ್ಜಿ, "ಇದು ಹೋದ ವರ್ಷದ್ದು, ಈಗ ಬ್ಯಾರೆ ಆಗ್ಯದ" ಎಂದು ಮತ್ತೆ ಬದಲಿಸುತ್ತಿದ್ದಳು. ಕಣ್ಣು ಮಂಜಾದಾಗ ಬಣ್ಣಗಳ ಹೆಸರು ನಮ್ಮಿಂದ ಕೇಳಿಕೊಂಡು ಬೆರಳಿನಿಂದ ಜೋಡಿಸಿದಳು. ಆಗಲೂ ಅವು ಜಗಳಾಡಲಿಲ್ಲ.

ತೊಂಬತ್ತು ದಾಟಿದ ಮೇಲೆ ಒಂದು ದಿನ ಅವಳು ಕೇಳಿದಳು, "ನನ್ನ ಸೀರಿ ತಂದಿ ಏನಪ್ಪ?" ನಾನು ಏನೋ ನೆವ ಹೇಳಿದೆ. ಮುಂದಿನ ವರ್ಷವೂ ಹೇಳಿದೆ, ಅದರ ಮುಂದಿನ ವರ್ಷವೂ. ರಜೆ ಸಿಗಲಿಲ್ಲ, ಆ ಬಣ್ಣ ಸಿಗಲಿಲ್ಲ, ಚೀಕಲಪರ್ವಿಯ ಬಸ್ಸು ತಪ್ಪಿತು. ನಿಜ ಹೇಳಲೇ? ನಾನು ಸೀರೆ ತರುವವರೆಗೆ ಹೋಗುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳಲ್ಲ. ನಲವತ್ತು ದಾಟಿದ ಗಂಡಸು, ಇಬ್ಬರು ಮಕ್ಕಳ ತಂದೆ, ಗುಮ್ಮಿಯೊಳಗೆ ಆಡಿದ ಆ ಮಾತನ್ನು ನಂಬಿಕೊಂಡು ಕೂತಿದ್ದೆ. ಅಜ್ಜಿ ಒಮ್ಮೆ ನನ್ನ ಕೈ ಹಿಡಿದು, "ನನಗ ತಿಳದದ ಯಪ್ಪಾ, ನೀ ಯಾಕ ತರವಲ್ಲಿ ಅಂತ. ಆದ್ರ ಬೆರಳು ಸೋತಾವ. ಇನ್ನ ತಾ" ಎಂದಳು.

ರಾಯಚೂರಿನ ಅಂಗಡಿಗಳನ್ನೆಲ್ಲ ತಿರುಗಿ ನೇರಳೆ ಬಣ್ಣದ ಇಳಕಲ್ ಸೀರೆ ತೆಗೆದುಕೊಂಡೆ. ಅಂಗಡಿಯದು ನಡೆಯುವುದಿಲ್ಲವಲ್ಲ, ಅದಕ್ಕೆ ಮಾನ್ವಿಗೆ ಹೋಗಿ, ಅಲ್ಲಿಂದ ಚೀಕಲಪರ್ವಿಗೆ ಹೋದೆ. ಅಷ್ಟು ವರ್ಷ ಆ ಊರಿನವನೆಂದು ಹೇಳಿಕೊಂಡು ಬಾಗಿಲು ಬಡಿದವನು ಆ ಊರನ್ನು ಕಂಡದ್ದು ಅವತ್ತೇ ಮೊದಲು. ಹೊಳೆಗೆ ಇಳಿದು ಸೀರೆಯ ಗಂಟಿನ ಮೇಲೆ ನೀರು ಚಿಮುಕಿಸಿದೆ. ಅಜ್ಜಿಯ ತವರಿನ ಮನೆಯಲ್ಲಿ ಈಗ ಬೇರೊಂದು ಕುಟುಂಬವಿತ್ತು. ಅಂಗಳದಲ್ಲಿ ಮೆಣಸಿನಕಾಯಿ ಹರಡುತ್ತಿದ್ದ ಆ ಮನೆಯ ಹೆಣ್ಣುಮಗಳಿಗೆ ನಾಚುತ್ತಲೇ ಎಲ್ಲವನ್ನೂ ಹೇಳಿದೆ. ಆಕೆ ಕೈ ತೊಳೆದುಕೊಂಡು ಒಳಗೆ ಹೋಗಿ, ಅರಿಶಿನ ಕುಂಕುಮ ತಂದು ಸೀರೆಗೆ ಹಚ್ಚಿ, ಒಂದು ಹಿಡಿ ಅಕ್ಕಿ ಹಾಕಿದಳು. "ಈ ಮನಿ ಹೆಣಮಗಳಂದ್ರ ನಮ್ಮ ಹೆಣಮಗಳಽ ಆತಲ್ರಿ. ನಮ್ಮ ಕಡಿಂದನ ಹೋಗ್ಲಿ" ಎಂದಳು. ನಾನು ಆ ಹೊಸ್ತಿಲಿಗೆ ಹಣೆ ಹಚ್ಚಿ ಬಂದೆ.

ಅಜ್ಜಿ ಸೀರೆಯನ್ನು ಬೆರಳಿನಿಂದ ಅಂಚಿನಿಂದ ಅಂಚಿಗೆ ನೋಡಿದಳು. ಸೆರಗಿನ ರೇಷ್ಮೆ ಆ ಕಾಲದಷ್ಟು ದಪ್ಪವಿಲ್ಲ ಎಂದು ತಪ್ಪು ತೆಗೆದಳು. ಮೂಸಿ ನೋಡಿ, "ಹೊಳಿ ವಾಸನಿ ಅದ" ಎಂದು ತಲೆದಿಂಬಿನ ಕೆಳಗೆ ಇಟ್ಟುಕೊಂಡಳು. ಆ ವರ್ಷದ ಪಂಚಮಿಗೂ ಕರೆದೆ, ಎತ್ತಿಕೊಂಡು ಹೋಗಿ ಜೋಕಾಲಿಯಲ್ಲಿ ಕೂರಿಸಿದೆ. ಪಂಚಮಿ ಕಳೆದು ಕೆಲವು ದಿನಕ್ಕೆ, ಬೆಳಗಿನಲ್ಲಿ, ಅಜ್ಜಿ ಹೋದಳು. ನೂರಕ್ಕೆ ಎರಡೋ ಮೂರೋ ವರ್ಷ ಕಡಿಮೆ ಇತ್ತು.

ರಾಯಚೂರಿನಿಂದ ಬಂದವನು ನಾನು ಮೊದಲು ಒಳಗೆ ಹೋಗಿ ಆ ಸೀರೆ ತೆಗೆದುಕೊಂಡೆ. ಹಿತ್ತಲ ಬಾಗಿಲಿನಿಂದ ಹೊರಬಿದ್ದು ಓಣಿ ಸುತ್ತಿದೆ. ಬೀದಿ ಬಾಗಿಲ ಮುಂದೆ ಜನ ಕಿಕ್ಕಿರಿದಿದ್ದರು. ಊರಿನ ಹಿರಿಯರೊಬ್ಬರು, "ಮುದುಕಿಗಿ ತವರಿನವರು ಯಾರರ ಬಂದಾರೇನು?" ಎಂದು ಕೇಳುತ್ತಿದ್ದರು. ಯಾರೋ ಇಲ್ಲ ಎಂದರು. ಅಂಗಳದಲ್ಲಿ ಕೂತಿದ್ದ ಅಪ್ಪ, ಅವನಿಗೂ ಆಗ ಎಪ್ಪತ್ತೈದು ದಾಟಿತ್ತು, ಕೋಲು ಊರಿ ಎದ್ದು ನಿಂತ. ಒಂದು ಕಾಲದಲ್ಲಿ ನನ್ನ ಮೇಲೆ ಎತ್ತಿದ್ದ ಅದೇ ಕೈಯಿಂದ ಜನರನ್ನು ಅತ್ತಿತ್ತ ಸರಿಸಿದ.

"ದಾರಿ ಬಿಡ್ರಿ" ಎಂದ. "ಅಕಿ ತವರ ಮನಿ ಬಂತು."

ಮಕ್ಕಳೇ, ನೀವು ಅವಳನ್ನು ನೋಡಲಿಲ್ಲ. ನೀವು ಹುಟ್ಟಿದ್ದು ರಾಯಚೂರಿನ ಈ ಮೂರನೇ ಮಹಡಿಯ ಮನೆಯಲ್ಲಿ. ನಿಮ್ಮ ಹೊದಿಕೆಗಳು ಮೆತ್ತಗಿವೆ, ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಂದಿವೆ, ಒಂದರಲ್ಲಿ ಕರಡಿಯ ಚಿತ್ರವೂ ಇದೆ. ನನಗೇನೂ ಸಿಟ್ಟಿಲ್ಲ, ಚಳಿಗೆ ಅವು ಕೌದಿಗಿಂತ ಬೆಚ್ಚಗೆ. ಆದರೆ ಅದರೊಳಗೆ ಬೆರಳಾಡಿಸಿ ಇದು ಅಪ್ಪ, ಇದು ಅವ್ವ, ಇದು ಚಡ್ಡಿ ಹರಿದುಕೊಂಡ ತಮ್ಮ ಎಂದು ಹುಡುಕಲು ಬರುವುದಿಲ್ಲ. ನೀವು ಭಾನುವಾರಕ್ಕೊಮ್ಮೆ ಫೋನಿನಲ್ಲಿ ನೋಡುವ ಮಾನ್ವಿಯ ದೊಡ್ಡಜ್ಜಿ ಇದ್ದಾಳಲ್ಲ, ಅವಳೇ ನನ್ನ ಅಕ್ಕ. ಮುಂದಿನ ಸಲ ಅವಳ ಬೆನ್ನ ಹಿಂದಿನ ಮಂಚದ ಮೇಲೆ ನೋಡಿ. ಬಣ್ಣವೆಲ್ಲ ಹೋಗಿದೆ, ನಡುವಿನಲ್ಲಿ ಮಾತ್ರ ಸ್ವಲ್ಪ ನೇರಳೆ ಉಳಿದಿದೆ. ಕಾಲ ಕಡೆಯ ಖಾಕಿ ಇನ್ನೂ ಗಟ್ಟಿಯಾಗಿದೆ ಎಂದು ಅವಳು ಈಗಲೂ ನನ್ನನ್ನು ಹಂಗಿಸುತ್ತಾಳೆ.

ಈ ಮನೆಗೆ ಬಾಗಿಲು ಒಂದೇ. ಹಿತ್ತಲಿಲ್ಲ, ಹಿತ್ತಲ ಬಾಗಿಲಿಲ್ಲ. ಪಂಚಮಿಯ ದಿನ ಹಾಲು ಇದ್ದರೂ ಹಾಲಿಗೆಂದು ನಾನು ಕೆಳಗೆ ಇಳಿಯುತ್ತೇನೆ, ಜೇಬಿನಲ್ಲಿ ಕೀಲಿ ಇದ್ದರೂ ಬೆಲ್ ಒತ್ತಿ ಹೊರಗೇ ನಿಲ್ಲುತ್ತೇನೆ. ತಾತನಿಗೆ ಮರೆವು ಎಂದು ಹೋದ ವರ್ಷ ನೀವು ನಕ್ಕಿರಿ. ಮರೆವಲ್ಲ. ಈ ಸಲ ಬೆಲ್ ಸದ್ದಾದಾಗ ಬಾಗಿಲು ತೆಗೆಯುವ ಮೊದಲು ಒಳಗಿನಿಂದಲೇ ಒಮ್ಮೆ, ಯಾರ್ರಿ ಅವರು ಎಂದು ಕೇಳಿ. ಆ ಉತ್ತರವನ್ನು ಗಟ್ಟಿಯಾಗಿ ಹೇಳದೆ ನನಗೆ ಬಹಳ ವರ್ಷವಾಯಿತು.

"ಚೀಕಲಪರ್ವಿಯಿಂದ ಬಂದೀನ್ರಿ, ಕರಿಯಾಕ."